ಯಾಕೆ ಅಂತ ಕೇಳದ ಕಚೇರಿ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಕೆಲಸಕ್ಕೆ ಸೇರಿದವನು ಕಡತ ಹುಡುಕುವುದನ್ನು ಕಲಿಯುವ ಮೊದಲು "ಯಾಕೆ ಬೇಕು?" ಎಂದು ಕೇಳುವುದನ್ನು ಕಲಿಯುತ್ತಾನೆ. ನನ್ನ ನೌಕರಿಯ ಬಹುಭಾಗ ಅಲ್ಲೇ ಕಳೆಯಿತು, ಕೆಂಪು ಬಟ್ಟೆಯ ಗಂಟುಗಳ ನಡುವೆ, ಇಲಿಗಳ ಜೊತೆ ಜಾಗ ಹಂಚಿಕೊಂಡು. ಕಿಟಕಿಯಾಚೆ ನಿಂತವನು "ಸ್ವಾಮಿ, ನಮ್ಮ ತಾತನ ಕಾಲದ ಮ್ಯುಟೇಶನ್ ನಕಲು ಬೇಕಾಗಿತ್ತು" ಅಂದರೆ, ಕನ್ನಡಕ ಮೇಲೇರಿಸಿ "ಯಾಕೆ?" ಅನ್ನುತ್ತಿದ್ದೆ. ಅದಕ್ಕೆ ಬರುತ್ತಿದ್ದ ಉತ್ತರದಲ್ಲಿ ಇಡೀ ಹೋಬಳಿಯ ಚರಿತ್ರೆ ಇರುತ್ತಿತ್ತು. ದಾಯಾದಿ ಬೇಲಿ ಸರಿಸಿದ್ದು, ಚಿಕ್ಕಪ್ಪ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದು, ಅಕ್ಕತಂಗಿಯರಿಗೆ ತಿಳಿಯದಂತೆ ಖಾತೆ ಬದಲಾಗಿದ್ದು. ಕೆಲವರು ಅಲ್ಲೇ ಕಣ್ಣೀರು ಹಾಕುತ್ತಿದ್ದರು. ನಾನು ಕಾಫಿ ತರಿಸಿ ಸಮಾಧಾನ ಮಾಡುತ್ತಿದ್ದೆ (ಕಾಫಿಯ ದುಡ್ಡು ಅವರದೇ, ಆ ಮಾತು ಬೇರೆ). ಕಡತ ಸಿಕ್ಕರೆ ನಕಲು, ಸಿಗದಿದ್ದರೆ "ಲಭ್ಯವಿಲ್ಲ" ಎಂದು ಹಿಂಬರಹ. ಎರಡರಲ್ಲಿ ಯಾವುದು ಸಿಕ್ಕರೂ ಬಂದವನು ಮನಸ್ಸು ಹಗುರ ಮಾಡಿಕೊಂಡೇ ಹೋಗುತ್ತಿದ್ದ.

2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. 10 ರೂಪಾಯಿ ಶುಲ್ಕ, 30 ದಿನದ ಗಡುವು, ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಅದರ 6ನೆಯ ಕಲಮು, ಮಾಹಿತಿ ಯಾಕೆ ಬೇಕೆಂದು ಅರ್ಜಿದಾರ ಹೇಳಬೇಕಾಗಿಲ್ಲ ಅಂದುಬಿಟ್ಟಿತು. ನಮ್ಮ ಬಾಯಿಗೇ ಬೀಗ ಜಡಿದಂತಾಯಿತು. ಆಮೇಲೆ ಕರ್ನಾಟಕದ ನಿಯಮದಲ್ಲಿ, ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು ಅಂತ ಸೇರಿಸಿದರು. ಹೋಗಲಿ, ಪದ ಎಣಿಸುವ ಕೆಲಸವಾದರೂ ನಮಗೆ ಉಳಿಯಿತು.

ಇಷ್ಟು ಪೀಠಿಕೆ ಯಾತಕ್ಕೆಂದರೆ, ನಿವೃತ್ತಿಯ ನಂತರ ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಬಂದು ಸೇರಿಕೊಂಡ ನನಗೆ, ನನ್ನ ಜೀವಮಾನದ ಪ್ರಶ್ನೆಯನ್ನು ಯಾರೂ ಕೇಳದ ಕಚೇರಿಯೊಂದರ ದರ್ಶನವಾಯಿತು. ಇಲ್ಲಿನ ಸಾರ್ವಜನಿಕ ದಾಖಲೆಗಳ ಕಾಯ್ದೆ 1968ರದು. ಸಹಿ ಹಾಕಿದವರು ಆಗ ಇಲ್ಲಿ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್. ದಾಖಲೆ ಕೇಳುವವನ ಉದ್ದೇಶಕ್ಕೂ ದಾಖಲೆಗೂ ಸಂಬಂಧವಿಲ್ಲ ಅನ್ನುತ್ತದೆ ಈ ಕಾಯ್ದೆ. 2023ರಲ್ಲಿ ಇಡೀ ಕಾಯ್ದೆಗೆ ಹೊಸ ನಂಬರು ಹಾಕಿದರು. 6250ರಿಂದ ಶುರುವಾಗುತ್ತಿದ್ದದ್ದು 7920.000ರಿಂದ ಶುರುವಾಯಿತು. ಸರ್ವೆ ನಂಬರಿಗೆ ಪೋಡಿ ಮಾಡುವುದನ್ನು ಕಂಡಿದ್ದೆ. ಕಾನೂನಿಗೇ ಪೋಡಿ ಮಾಡಿ ಮೂರು ಸೊನ್ನೆ ಇಟ್ಟವರನ್ನು ಕಂಡದ್ದು ಇಲ್ಲೇ.

ದಾಖಲೆಗಳೆಲ್ಲ ಇರುವುದು ಕೌಂಟಿಯ ಸುಪರ್ದಿನಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂದುಕೊಂಡರೆ ಅರ್ಧ ಸರಿ. ಅಮೆರಿಕದಲ್ಲಿ ಇಂಥವು ಮೂರು ಸಾವಿರಕ್ಕೂ ಹೆಚ್ಚು; ಕ್ಯಾಲಿಫೋರ್ನಿಯಾದಲ್ಲಿ 58, ಟೆಕ್ಸಾಸ್ ಒಂದರಲ್ಲೇ 254. ಲಾಸ್ ಏಂಜಲಿಸ್ ಕೌಂಟಿಯಲ್ಲಿ ಹತ್ತಿರ ಹತ್ತಿರ ಒಂದು ಕೋಟಿ ಜನ. ಟೆಕ್ಸಾಸಿನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಗೆ ಸಿಕ್ಕವರು 64 ಮಂದಿ. ನಮ್ಮ ಕಡೆಯ ಮದುವೆಯಲ್ಲಿ ಒಂದು ಪಂಕ್ತಿಗೂ ಸಾಲದು. ಅಷ್ಟು ಜನಕ್ಕೂ ಒಬ್ಬ ಶೆರಿಫ್, ಒಬ್ಬ ಕೌಂಟಿ ಕ್ಲರ್ಕ್ ಇದ್ದಾರೆ.

ಮೇಲಿನಿಂದ ವರ್ಗವಾಗಿ ಬರುವ ಡೀಸಿ ಇಲ್ಲಿಲ್ಲ. ತೆರಿಗೆಗೆ ಆಸ್ತಿಯ ಬೆಲೆ ಕಟ್ಟುವ ಅಸೆಸರ್, ಶೆರಿಫ್, ಸರ್ಕಾರಿ ವಕೀಲರು, ಎಲ್ಲ ಜನರ ವೋಟಿನಿಂದ ಬಂದವರು. ಮಗಳಿರುವ ಕೌಂಟಿಯಲ್ಲಿ ದಸ್ತಾವೇಜು ಇಡುವ ರೆಕಾರ್ಡರ್ ಕೂಡ ಚುನಾವಣೆ ಗೆದ್ದೇ ಆ ಕುರ್ಚಿಗೆ ಬಂದದ್ದು. ಇದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ರೆಕಾರ್ಡ್ ಕೀಪರ್ ಹುದ್ದೆಗೆ ಚುನಾವಣೆ! ಚಿಹ್ನೆ ಕೆಂಪು ಗಂಟು. "ಒಂದು ಪಹಣಿಯನ್ನೂ ಗೆದ್ದಲಿಗೆ ಬಿಡೆನು" ಎಂಬ ಘೋಷಣೆ. ನಾನು ನಿಂತಿದ್ದರೆ ಠೇವಣಿ ಉಳಿಯುತ್ತಿತ್ತೇ ಎಂದು ನಮ್ಮ ಮನೆಯವಳನ್ನು ಕೇಳಿದೆ. ಅವಳು ಆ ಕಡೆ ಹೊರಳಿ ಮಲಗಿದಳು.

ಇಲ್ಲಿನ ಕನ್ನಡಿಗರ ಮನೆಗೆ ಯುಗಾದಿ ಊಟಕ್ಕೆ ಹೋದರೆ "ಮನೆ ಎಷ್ಟಕ್ಕೆ ತಗೊಂಡ್ರಿ?" ಅಂತ ಯಾರೂ ಕೇಳುವುದಿಲ್ಲ. ಸೌಜನ್ಯ ಅಂತ ಮೊದಲು ತಿಳಿದಿದ್ದೆ. ಎಲ್ಲರೂ ಬರುವ ಮೊದಲೇ ನೋಡಿಕೊಂಡು ಬಂದಿರುತ್ತಾರೆ, ಅಷ್ಟೇ. ಕ್ರಯಪತ್ರ ಕೌಂಟಿಯಲ್ಲಿ ದಾಖಲಾದ ಕೂಡಲೇ ಅದು ಊರ ಸೊತ್ತು. ಪತ್ರದಲ್ಲಿ ಬೆಲೆ ಬರೆಯುವುದಿಲ್ಲ ನಿಜ, ಆದರೆ ಮೇಲುಗಡೆ ಹಸ್ತಾಂತರ ತೆರಿಗೆ ಎಷ್ಟು ಕಟ್ಟಿದರೆಂದು ಬರೆದಿರುತ್ತಾರೆ. ಸಾವಿರ ಡಾಲರಿಗೆ 1 ಡಾಲರ್ 10 ಸೆಂಟಿನ ಲೆಕ್ಕ. ತೆರಿಗೆ 1,650 ಡಾಲರ್ ಎಂದಿದ್ದರೆ ಮನೆಯ ಬೆಲೆ 15 ಲಕ್ಷ ಡಾಲರ್. ಕೆಲವು ನಗರಗಳು ತಮ್ಮ ಪಾಲನ್ನೂ ಸೇರಿಸುತ್ತವೆ, ಅದನ್ನು ಕಳೆದು ಭಾಗಿಸಬೇಕು. ಅಳಿಯಂದಿರ ಸ್ನೇಹಿತರ ಮನೆಗಳನ್ನು ನಾನು ಬಾಯಿಲೆಕ್ಕದಲ್ಲೇ ಮುಗಿಸಿದೆ. ತೊಡಕಾದದ್ದು ಟೆಕ್ಸಾಸಿನಲ್ಲಿರುವ ನಮ್ಮ ಬೀಗರದ್ದು. ಆ ರಾಜ್ಯದಲ್ಲಿ ಮಾರಾಟದ ಬೆಲೆಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಟ್ಟಳೆ ಇಲ್ಲ. ಬೀಗರು ಅಲ್ಲಿಗೇ ಯಾಕೆ ಹೋದರೆಂದು ಈಗ ಅರ್ಥವಾಗುತ್ತಿದೆ.

ಕಂದಾಯದ ಕಥೆ ಇನ್ನೂ ಸ್ವಾರಸ್ಯ. 1978ರಲ್ಲಿ ಇಲ್ಲಿನ ಮತದಾರರು 13ನೆಯ ಪ್ರಸ್ತಾವ ಎಂಬುದನ್ನು ಗೆಲ್ಲಿಸಿದರು. ಮನೆ ಕೊಂಡಾಗಿನ ಬೆಲೆಯ ಮೇಲೆ ಮೂಲ ತೆರಿಗೆ ಶೇಕಡ 1. ಆ ಬೆಲೆಯನ್ನು ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಹಾಗಾಗಿ ಅಕ್ಕಪಕ್ಕದ ಒಂದೇ ಅಚ್ಚಿನ ಎರಡು ಮನೆಗಳಲ್ಲಿ, ಎಂದೋ ಕೊಂಡ ಅಜ್ಜಿ ಚಿಲ್ಲರೆ ಕಟ್ಟುತ್ತಾರೆ, ಮೊನ್ನೆ ಕೊಂಡ ನನ್ನ ಮಗಳು ಗಂಟು ಕಟ್ಟುತ್ತಾಳೆ. ಅಜ್ಜಿ ಎಷ್ಟು ಕಟ್ಟುತ್ತಾರೆಂದು ಅಸೆಸರ್ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ನಾನು ನೋಡಿ ಮಗಳಿಗೆ ಹೇಳಿದೆ. "ಅಪ್ಪಾ, ಇದನ್ನ ಯಾಕೆ ನೋಡಿದೆ?" ಅಂದಳು. ಕೌಂಟಿ ಕೇಳದ ಪ್ರಶ್ನೆಯನ್ನು ಮನೆಯವರು ಕೇಳುತ್ತಾರೆ.

ನಾನು ಕೌಂಟಿ ಕಚೇರಿಯ ಮೆಟ್ಟಿಲು ಹತ್ತಿದ್ದು ಮೂಲ ಪತ್ರಕ್ಕಾಗಿ. ಮನೆ ಕೊಂಡಿದ್ದೇವೆ ಅಂದಾಗಲೇ ಕೇಳಿದ್ದೆ, "ಮೂಲ ಪತ್ರ ನೋಡಿದ್ಯಾ? ಋಣಭಾರ ಪತ್ರ ತೆಗೆಸಿದ್ಯಾ?" ಮಗಳು, "ಅದನ್ನೆಲ್ಲ ಟೈಟಲ್ ಕಂಪನಿ ನೋಡಿಕೊಳ್ಳುತ್ತೆ ಅಪ್ಪ, ಅದಕ್ಕೂ ಇನ್ಶೂರೆನ್ಸ್ ಇದೆ" ಅಂದಳು. ಮೂಲ ಪತ್ರ ಓದದೆ ಅದಕ್ಕೆ ವಿಮೆ ಮಾಡಿಸುವ ದೇಶ! ಇಲ್ಲಿ ಪತ್ರದ ಅಸಲು ಕಳೆದರೂ ಯಾರ ಎದೆಯೂ ಒಡೆಯುವುದಿಲ್ಲವಂತೆ. ಕೌಂಟಿಯ ದಾಖಲೆಯಲ್ಲಿ ಇದ್ದರಾಯಿತು. ನಮ್ಮಲ್ಲಿ ಅಸಲನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ಅದರ ಬೀಗದಕೈಯನ್ನು ದೇವರ ಪಟದ ಹಿಂದೆ ಇಡುತ್ತೇವೆ.

ಅಳಿಯಂದಿರು ಉತ್ಸಾಹದಿಂದ, "ಮಾವ, ಎಫ್‌ಒಐಎ ಅಂತ ಅರ್ಜಿ ಹಾಕಿಬಿಡಿ" ಅಂದರು. ಕೌಂಟರಿನಲ್ಲಿದ್ದ ಹೆಣ್ಣುಮಗಳು ನಕ್ಕಳು. 1966ರ ಆ ಕಾಯ್ದೆ ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ. ಕೌಂಟಿಗೆ ರಾಜ್ಯದ ಕಾಯ್ದೆ. ಅದರಲ್ಲಾದರೆ ಹತ್ತು ದಿನದೊಳಗೆ ಉತ್ತರ ಕೊಡಬೇಕು. ನಾನು ಹಿಗ್ಗಿದೆ. ಆಮೇಲೆ ಗೊತ್ತಾಯಿತು, ಹತ್ತು ದಿನದಲ್ಲಿ ಹೇಳಬೇಕಾದದ್ದು ಕೊಡುತ್ತೇವೋ ಇಲ್ಲವೋ ಎಂಬುದನ್ನು. ಅದಕ್ಕೂ ಆಗದಿದ್ದರೆ ಇನ್ನೂ 14 ದಿನ ಮುಂದೂಡಬಹುದು. ಕೊಡುವ ದಿನ ಬೇರೆ. ಈ ಸೂಕ್ಷ್ಮವನ್ನು ಬರೆದವನು ನಮ್ಮ ಕಚೇರಿಯಲ್ಲೇ ತರಬೇತಿ ಪಡೆದಿರಬೇಕು. ದಾಖಲಾದ ಕ್ರಯಪತ್ರಕ್ಕೆ ಈ ಯಾವ ಅರ್ಜಿಯೂ ಬೇಡ. ಅಲ್ಲೇ ಕಂಪ್ಯೂಟರ್ ಇದೆ, ಕೂತು ಹುಡುಕಿಕೊಳ್ಳಿ, ಪುಟಕ್ಕಿಷ್ಟು ಅಂತ ಕೊಟ್ಟು ನಕಲು ಒಯ್ಯಿರಿ.

ನಾನು ಅವಳ ಮುಂದೆ ನಿಂತೇ ಇದ್ದೆ. ಮಗಳು ಕೊಂಡದ್ದು, ಟೈಟಲ್ ಕಂಪನಿಯ ಮೇಲೆ ನನಗಿದ್ದ ಗುಮಾನಿ, ಎಲ್ಲ ಹೇಳಲು ಸಿದ್ಧವಾಗಿ ಬಂದಿದ್ದೆ. ಅವಳು "ಮತ್ತೇನಾದರೂ?" ಅಂದಳು. ಕೇಳುವುದಿಲ್ಲವಲ್ಲ ಅಂತ ನಾನೇ ಶುರುಮಾಡಿದೆ. ಎರಡು ವಾಕ್ಯ ಆಗುವಷ್ಟರಲ್ಲಿ ಮುಂದಿನ ಟೋಕನ್ ಕೂಗಿದಳು. ಕಾನೂನು ಪಾಲಿಸುವುದೆಂದರೆ ಇಷ್ಟೊಂದು ಕಟ್ಟುನಿಟ್ಟಾಗಿ ಪಾಲಿಸಬೇಕೇ?

ಹುಡುಕುವುದಕ್ಕೆ ಕೂತರೆ ಇಲ್ಲಿ ಸರ್ವೆ ನಂಬರಿನಿಂದ ಏನೂ ಸಿಗದು. ಎಲ್ಲ ಮನುಷ್ಯರ ಹೆಸರಿನ ಮೇಲೆ. ಕೊಟ್ಟವರದೊಂದು ಪಟ್ಟಿ, ಕೊಂಡವರದೊಂದು ಪಟ್ಟಿ. ಮಗಳಿಗೆ ಮಾರಿದವರು ಯಾರಿಂದ ಕೊಂಡರು, ಅವರು ಯಾರಿಂದ ಕೊಂಡರು ಅಂತ ಒಂದೊಂದೇ ಹೆಸರು ಹಿಡಿದು ಹಿಂದಕ್ಕೆ ಹೋಗಬೇಕು. ಸ್ಮಿತ್ ಎಂಬ ಹೆಸರು ಬಂದ ಕಡೆ ಮಧ್ಯಾಹ್ನವೇ ಮುಗಿಯುತ್ತದೆ. ಕೊಂಡವರ ಪಟ್ಟಿಯಲ್ಲಿ ನನ್ನ ಮಗಳು ನನ್ನ ಹೆಸರಿನಲ್ಲೇ ಇದ್ದಳು, ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಅಪ್ಪನದಾದ್ದರಿಂದ. ಕ್ಯಾಲಿಫೋರ್ನಿಯಾದಲ್ಲಿ ನನ್ನ ಹೆಸರಿನಲ್ಲೊಂದು ಮನೆ ಇದೆ ಎಂದು ಊರಿನಲ್ಲಿ ಹೇಳಿಕೊಳ್ಳಲು ಈಗ ದಾಖಲೆಯ ಬೆಂಬಲವಿದೆ.

ಎಲ್ಲವೂ ಹೀಗೆ ತೆರೆದಿಟ್ಟಿದ್ದಲ್ಲ. ಮೊಮ್ಮಗನ ಜನನ ಪತ್ರ ಕೇಳಿದರೆ, ಸುಳ್ಳು ಹೇಳಿದರೆ ಶಿಕ್ಷೆಗೆ ಬದ್ಧ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಸಂಬಂಧವಿಲ್ಲದವರಿಗೂ ಒಂದು ಪ್ರತಿ ಕೊಡುತ್ತಾರೆ, ಆದರೆ ಅದರ ಮೇಲೆ "ಮಾಹಿತಿಗೆ ಮಾತ್ರ, ಗುರುತಿನ ದಾಖಲೆಯಾಗಿ ಸಲ್ಲದು" ಎಂಬ ಅರ್ಥದ ಮೊಹರು ಬಿದ್ದಿರುತ್ತದೆ. ಮನೆಯ ನಕ್ಷೆಯದು ಇನ್ನೊಂದು ವಿನೋದ. ಕಟ್ಟಡ ವಿಭಾಗದಲ್ಲಿ ಯಾರದೇ ಮನೆಯ ನಕ್ಷೆಯನ್ನು ಕಣ್ಣಾರೆ ನೋಡಬಹುದು, ನಕಲು ಮಾತ್ರ ನಕ್ಷೆ ಬರೆದವನೂ ಮನೆಯೊಡೆಯನೂ ಒಪ್ಪಿದ ಮೇಲೆ. ನೋಡಿ ನೆನಪಿಟ್ಟುಕೊಂಡು ಹೋಗಲು ಅಡ್ಡಿಯಿಲ್ಲ. ನಮ್ಮ ಹಳೆಯ ಶಾನುಭೋಗರನ್ನು ಕರೆತಂದಿದ್ದರೆ ಇಡೀ ಊರಿನ ನಕ್ಷೆಗಳನ್ನು ತಲೆಯಲ್ಲೇ ತುಂಬಿಕೊಂಡು ಹೊರಡುತ್ತಿದ್ದರು.

ಹಿಂದಕ್ಕೆ ಹೋಗುತ್ತ ಹೋಗುತ್ತ 1940ರ ದಶಕಕ್ಕೆ ಬಂದೆ. ಬಡಾವಣೆ ಮಾಡಿದಾಗ ದಾಖಲಿಸಿದ ಷರತ್ತುಗಳ ಪತ್ರ ಸಿಕ್ಕಿತು. ಕೋಳಿ ಸಾಕಬಾರದು, ಇಂತಿಷ್ಟು ಅಡಿ ಜಾಗ ಬಿಡಬೇಕು. ನಡುವೆ ಒಂದು ಷರತ್ತು: ಕಕೇಶಿಯನ್ ಜನಾಂಗದವರಲ್ಲದೆ ಬೇರೆ ಯಾರೂ ಈ ನಿವೇಶನದಲ್ಲಿ ವಾಸಿಸತಕ್ಕದ್ದಲ್ಲ, ಮನೆಕೆಲಸದ ಆಳುಗಳ ಹೊರತು.

ಎರಡು ಸಲ ಓದಿದೆ. ಹಾಗೆ ನೋಡಿದರೆ ನಾನು ಷರತ್ತನ್ನು ಮೀರಿಲ್ಲ. ಮಗಳ ಮನೆಗೆ ಬಂದಾಗಿನಿಂದ ನನ್ನ ಕೆಲಸ ಪಾತ್ರೆ ಜೋಡಿಸುವುದು, ಬಟ್ಟೆ ಮಡಿಸುವುದು, ಮೊಮ್ಮಗನನ್ನು ಶಾಲೆಗೆ ಬಿಡುವುದು. ನಮ್ಮ ಮನೆಯವಳು ಅಡಿಗೆ. ಅಕ್ರಮ ವಾಸ ಮಾಡುತ್ತಿರುವವರು ಮಗಳು ಅಳಿಯ ಇಬ್ಬರೇ.

ಇಂಥ ಷರತ್ತುಗಳು ಈ ದೇಶದ ಉದ್ದಗಲಕ್ಕೂ ಇದ್ದವು. ನ್ಯಾಯಾಲಯಗಳು ಇವನ್ನು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 1948ರಲ್ಲಿ ಶೆಲ್ಲಿ ಪ್ರಕರಣದಲ್ಲಿ ಹೇಳಿತು. 1968ರ ವಸತಿ ಕಾಯ್ದೆ ಪೂರ್ತಿ ಕಾನೂನುಬಾಹಿರ ಮಾಡಿತು. ಕಾಗದ ಮಾತ್ರ ಕೌಂಟಿಯಲ್ಲಿ ಹಾಗೇ ಉಳಿಯಿತು. ಅದಕ್ಕೂ ಮೊದಲು, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಅದೇ ಕೋರ್ಟಿನ ಮುಂದೆ ನಾನೂ ಆರ್ಯ, ನಾನೂ ಕಕೇಶಿಯನ್ ಎಂದು ವಾದಿಸಿದ್ದರು. ಶಾಸ್ತ್ರ ಏನೇ ಹೇಳಲಿ, ಜನಸಾಮಾನ್ಯರ ಕಣ್ಣಿಗೆ ನೀನು ಬಿಳಿಯನಲ್ಲ ಎಂದು ಪೌರತ್ವ ನಿರಾಕರಿಸಿದರು. ಪೌರರಾಗಲು ಅರ್ಹರಲ್ಲದವರು ಸಾಗುವಳಿ ಭೂಮಿ ಕೊಳ್ಳುವಂತಿಲ್ಲ ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಇತ್ತು. ಇಂಪೀರಿಯಲ್ ಕಣಿವೆಯ ಪಂಜಾಬಿ ರೈತರು ಇಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಜಮೀನು ಮಾಡಿಸಿದರು. ಬೇನಾಮಿ ವಿದ್ಯೆಗೆ ಯಾವ ಸಮುದ್ರವೂ ಅಡ್ಡಬರುವುದಿಲ್ಲ. ಅವರಲ್ಲಿ ಬಹಳ ಮಂದಿ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಬೇರೆ ಬೇರೆ ಜನಾಂಗದವರ ಮದುವೆಗೆ ಆಗ ನಿಷೇಧ; ಕೌಂಟಿಯ ಕ್ಲರ್ಕುಗಳು ಎಷ್ಟೋ ಜೋಡಿಗಳ ಅರ್ಜಿಯಲ್ಲಿ ವರನ ಬಣ್ಣವೂ ಕಂದು, ವಧುವಿನ ಬಣ್ಣವೂ ಕಂದು ಎಂದು ಬರೆದು ಲೈಸೆನ್ಸ್ ಕೊಟ್ಟುಬಿಟ್ಟರು. ಆ ಗುಮಾಸ್ತರಿಗೆ ನನ್ನದೊಂದು ನಮಸ್ಕಾರ. ಕಾಲಂ ತುಂಬುವ ಕಲೆ ಬಲ್ಲವನು ಎಲ್ಲಿದ್ದರೂ ನನ್ನ ಜಾತಿಯವನೇ.

ಮಗಳು ಷರತ್ತು ಓದಿ ಮುಖ ಸಣ್ಣ ಮಾಡಿದಳು, "ಹರಿದುಹಾಕಿಸಬೇಕು" ಅಂದಳು. ರೆಕಾರ್ಡ್ ರೂಮಿನವನ ಮುಂದೆ ಆಡುವ ಮಾತಲ್ಲ ಅದು. ಕಾನೂನೂ ನನ್ನ ಕಡೆಯೇ ಇದೆ. ಮನೆಯೊಡೆಯರು ಅರ್ಜಿ ಕೊಟ್ಟರೆ, ಕೌಂಟಿಯ ವಕೀಲರು ನೋಡಿ, ಆ ಸಾಲನ್ನು ಅಳಿಸಿದ ಪ್ರತಿಯನ್ನು ದಾಖಲು ಮಾಡುತ್ತಾರೆ. ಹಳೆಯದನ್ನು ಸುಡುವುದಿಲ್ಲ, ಚರಿತ್ರೆಗೆಂದು ಇಟ್ಟುಕೊಳ್ಳುತ್ತಾರೆ. 2021ರಲ್ಲಿ ಆದ ಕಾನೂನಿನಂತೆ ಕೌಂಟಿಗಳು ತಾವಾಗಿಯೇ ಇಂಥ ಸಾಲುಗಳನ್ನು ಹುಡುಕಬೇಕು. ಸಾಂಟಾ ಕ್ಲಾರಾ ಕೌಂಟಿಯವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಲಕ್ಷಗಟ್ಟಲೆ ಪತ್ರಗಳನ್ನು ಎಐಗೆ ಓದಿಸಿದ್ದಾರೆ. ನಮ್ಮಲ್ಲೂ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಾನು "ಲಭ್ಯವಿಲ್ಲ" ಎಂದು ಹಿಂಬರಹ ಕೊಟ್ಟಿದ್ದ ಕಡತಗಳಲ್ಲಿ ಎಷ್ಟು ಲಭ್ಯವಾಗುತ್ತವೋ ನೋಡೋಣ.

ಮಗಳ ಅರ್ಜಿಯನ್ನು ನಾನೇ ತುಂಬಿಸಿ ಕೊಟ್ಟಿದ್ದೇನೆ. ನಿಮ್ಮ ಮಕ್ಕಳೂ ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿದ್ದು, ಬಡಾವಣೆ 1950ಕ್ಕಿಂತ ಹಳೆಯದಾಗಿದ್ದರೆ, ಮುಂದಿನ ಸಲ ಹೋದಾಗ ಕೌಂಟಿ ಕಚೇರಿಗೆ ಹೋಗಿ ಆ ಪತ್ರ ತೆಗೆಸಿ ಓದಿ. ಸಾಲು ಅಳಿಸುವ ಅರ್ಜಿಗೆ ಶುಲ್ಕವಿಲ್ಲ. ನಕಲಿಗೆ ಮಾತ್ರ ಪುಟಕ್ಕಿಷ್ಟು ಅಂತ ಕೊಡಬೇಕು, ಅದನ್ನು ಅಳಿಯನ ಕಾರ್ಡಿನಲ್ಲಿ ಕೊಡಿ.