ಮಾವಾರ ಧೋತರ

ಶನಿವಾರದಿಂದ ನಮ್ಮನೆಯವರು ತಮ್ಮ ಅಪ್ಪನ ಜೊತೆ ಮಾತು ಬಿಟ್ಟಿದ್ದಾರೆ. ನನ್ನ ಅವ್ವ ಬೀಗರ ಎದುರಿಗೆ ಬರುತ್ತಿಲ್ಲ. ನಾನು ಅಡುಗೆಮನೆಯ ಮೂಲೆಯಲ್ಲಿ, ಬಾಯಿಗೆ ಇಟ್ಟುಕೊಳ್ಳಲು ಸೆರಗಿಲ್ಲದೆ, ಪಾತ್ರೆ ಒರೆಸುವ ಬಟ್ಟೆ ತುರುಕಿಕೊಂಡು ನಗುತ್ತಿದ್ದೇನೆ. ಇಷ್ಟಕ್ಕೆಲ್ಲ ಕಾರಣ ಲಿಂಬೆಹಣ್ಣಿನಷ್ಟು ಒಂದು ತುರಟಿ, ಅಂದರೆ ಪಟಿಕದ ಕಲ್ಲು.

ಬ್ರಿಸ್ಬೇನಿನ ಈ ಮನೆ ಕೊಂಡಾಗ ಹಿತ್ತಲಿನ ಈಜುಕೊಳ ಬಳುವಳಿಯಾಗಿ ಬಂತು. ಹಳೇ ಕಾಂಕ್ರೀಟು, ಒಳಗೆ ನೀಲಿ ಬಣ್ಣ, ಐವತ್ತು ಸಾವಿರ ಲೀಟರ್ ನೀರು. ಸುತ್ತಲೂ ಕಾನೂನಿನಂತೆ 1.2 ಮೀಟರ್ ಬೇಲಿ, ತಾನಾಗಿಯೇ ಮುಚ್ಚಿಕೊಳ್ಳುವ ಗೇಟು. ಮೊದಲ ದಿನ ಮಾವಾರು, "ದನಾ ಇಲ್ಲ, ಕರಾ ಇಲ್ಲ, ಯಾರಿಗೆ ಬೇಲಿ ಹಾಕೀರಿ?" ಅಂದಿದ್ದರು. ಈಗ ಅನ್ನಿಸುತ್ತದೆ, ಅವರಿಗೇ ಹಾಕಬೇಕಿತ್ತು.

ಮಾವಾರು ಮೂಡಲಗಿಯವರು, ಅವ್ವ ಹುಕ್ಕೇರಿಯವಳು. ಇಬ್ಬರಿಗೂ ನಡುವೆ ಆಗುತ್ತದೆಂದು ಮದುವೆ ಗೋಕಾಕದಲ್ಲಿ ಮಾಡಿದ್ದರು. ಆದರೆ ನೀರಿನ ಮಾತು ಬಂದರೆ ನಡುವೆ ಅನ್ನುವುದೇ ಇಲ್ಲ. ಹಿಡಕಲ್ ಅಣೆಕಟ್ಟು ಹುಕ್ಕೇರಿ ತಾಲೂಕಿನದು. ಘಟಪ್ರಭೆ ಅಲ್ಲಿ ತಡೆದು ನಿಂತು, ಆಮೇಲೆ ಧೂಪದಾಳಕ್ಕೆ ಇಳಿದು, ಅಲ್ಲಿಂದ ಎಡದಂಡೆ ಕಾಲುವೆ ಹಿಡಿದು ಮೂಡಲಗಿ ಕಡೆಯ ಕಬ್ಬಿಗೆ ಹೋಗುತ್ತಾಳೆ. ಹಾಗಾಗಿ ಅವ್ವ ಬೀಗರಿಗೆ ಚಹಾ ಕೊಡುವಾಗಲೂ ಗೇಟು ಎತ್ತಿ ನೀರು ಬಿಟ್ಟವಳ ಗತ್ತಿನಲ್ಲೇ ಕೊಡುತ್ತಾಳೆ. ಮಾವಾರೇನು ಸುಮ್ಮನಿರುವವರೆ? "1887ರಾಗ ಫಾಲ್ಸಿನ ನೀರಿಲೆ ಕರೆಂಟು ತಗದ ತಾಲೂಕರೀ ನಮ್ಮದು!" ಅವ್ವ ಬಟಾಣಿ ಬಿಡಿಸುತ್ತಲೇ, "ಅದು ಗೋಕಾಕ. ನಿಮ್ಮದೀಗ ಬ್ಯಾರೆ ತಾಲೂಕ ಆಗೇತಲ್ರೀ" ಎಂದಳು. ಮಾವಾರು ಆ ದಿನ ಮೊಸರು ಬೇಡವೆಂದರು.

ಈ ಬೇಸಿಗೆಯಲ್ಲಿ ಕೊಳ ಹಸಿರಾಯಿತು. ನಮ್ಮನೆಯವರು ಒಂದು ಡಬ್ಬಿ, ಎರಡು ಕೊಳವೆ, ನಾಲ್ಕು ಶೀಸೆ ಹಿಡಿದು ದಿನಾ ಸಂಜೆ ಹನಿ ಎಣಿಸುತ್ತ ಕೂಡುತ್ತಾರೆ. ಪಿಎಚ್ 7.2ರಿಂದ 7.8ರೊಳಗೆ ಇರಬೇಕು, ಕ್ಷಾರ ಇಷ್ಟಿರಬೇಕು, ಕ್ಲೋರಿನ್ ಅಷ್ಟಿರಬೇಕು ಎಂದು ಮಗನಿಗೆ ಪಾಠ ಬೇರೆ. ಮಾವಾರು ತಮ್ಮ ಬಿಪಿ ಗುಳಿಗೆ ನುಂಗಿ, "ನೀರಿಗೂ ಶುಗರು ಬಂದೈತೇನು?" ಅಂತ ಕೇಳಿದರು. 52 ಮೀಟರ್ ಮೇಲಿನಿಂದ ಚಹಾದ ಬಣ್ಣದಲ್ಲಿ ಬೀಳುವ ಮಳೆಗಾಲದ ಗೋಕಾಕ ಫಾಲ್ಸ್ ನೋಡಿ ಬೆಳೆದವರು ಅವರು. ಅದರ ಪಿಎಚ್ ಯಾರು ನೋಡಿದ್ದಾರೆ?

ಶನಿವಾರ ಬೆಳಗಿನ ಐದಕ್ಕೆ ಗೇಟು ಕಿರ್ ಅಂತು. ಕಿಟಕಿಯಿಂದ ನೋಡಿದರೆ ಮಾವಾರು ಎಲೆ ತೆಗೆಯುವ ಬಲೆಯ ಉದ್ದ ಕೋಲಿಗೆ ತಮ್ಮ ದಾಡಿಯ ತುರಟಿ ಕಟ್ಟಿಕೊಂಡು ಕೊಳ ಸುತ್ತುತ್ತಿದ್ದಾರೆ! ಮಳೆಗಾಲದಲ್ಲಿ ಕೊಡದ ನೀರಿಗೆ ತುರಟಿ ತಿರುವುವುದನ್ನು ನಾನೂ ಬಲ್ಲೆ. ಕೆಸರು ಗಂಟು ಕಟ್ಟಿ ತಳಕ್ಕಿಳಿಯುತ್ತದೆ. ಆದರೆ ಅದು ಕೊಡ. ಇದು ಐವತ್ತು ಸಾವಿರ ಲೀಟರು. ಕೋಲು ಮುಂದೆ, ಮಾವಾರು ಹಿಂದೆ, ಪ್ರದಕ್ಷಿಣೆಯ ಶ್ರದ್ಧೆಯಲ್ಲಿ ಸುತ್ತು ಮೇಲೆ ಸುತ್ತು. ಇಪ್ಪತ್ತರವರೆಗೆ ಎಣಿಸಿ ನಾನು ಬಿಟ್ಟೆ. ಸುಸ್ತಾಗಿ ಮೆಟ್ಟಿಲ ಮೇಲೆ, ಅರ್ಧ ನೀರಿನಲ್ಲೇ ಕೂತು ಮತ್ತೂ ತಿರುವಿದರು. ಕೊನೆಗೆ ಎದ್ದರು.

ಎದ್ದಾಗ ಬಿಳೀ ಧೋತರದ ಹಿಂಭಾಗಕ್ಕೆ ರೊಟ್ಟಿಯಷ್ಟಗಲದ ಎರಡು ನೀಲಿ ಗುರುತು. ಕೊಳದ ಬಣ್ಣ ಹಿಟ್ಟಾಗಿ ಉದುರುತ್ತಿತ್ತು, ಅದು ಅಂಟಿತ್ತು.

ಹೇಳಬೇಕಾದವರು ಯಾರು? ಸೊಸೆ ಮಾವನ ಹಿಂಭಾಗದ ವಿಷಯ ಎತ್ತುವ ಹಾಗಿಲ್ಲ. ಬೀಗತಿ ಅಂತೂ ಆ ಕಡೆ ನೋಡಿದ್ದನ್ನೇ ಒಪ್ಪಿಕೊಳ್ಳುವ ಹಾಗಿಲ್ಲ. ಮಗ ಹೇಳಬಹುದಿತ್ತು, ಅವರು ಕೋಲಿನ ತುದಿಯ ತುರಟಿ ಕಂಡು ಜಗಳಾಡಿ ಮೌನ ಹಿಡಿದಿದ್ದರು. ಹೀಗೆ ಮೂರು ಜನ ಮರ್ಯಾದಸ್ಥರು ಸೇರಿ ಆ ಧೋತರವನ್ನು ಕಾರಿನಲ್ಲಿ ಕೂಡಿಸಿಕೊಂಡು ಗೆಳೆಯರ ಮನೆಯ ಸತ್ಯನಾರಾಯಣ ಪೂಜೆಗೆ ಕರೆದೊಯ್ದೆವು. ಸೀಟಿಗೂ ಸ್ವಲ್ಪ ಪ್ರಸಾದ ಆಯಿತು.

ಮಂಗಳಾರತಿ ಮುಗಿಯಿತು. ಮಾವಾರು ಉದ್ದಂಡ ನಮಸ್ಕಾರ ಹಾಕಿದರು. ಮೂವತ್ತು ಜನರ ಹಿಂದಿನಿಂದ ನನ್ನ ಮಗ ಕೂಗಿದ: "ಅಜ್ಜಾ, ನಿನ್ನ ಕುಂಡಿ ನೀಲಿ ಆಗೇತಿ!"

ಮೂರು ವರ್ಷದಿಂದ ಕನ್ನಡ ಕ್ಲಾಸಿಗೆ ಕಳಿಸುತ್ತಿದ್ದೇನೆ. ಹುಡುಗ "ಬೇಕು", "ಬೇಡ" ದಾಟಿರಲಿಲ್ಲ. ಆಗೇತಿ! ಅದೂ ಪಕ್ಕಾ ನಮ್ಮ ಕಡೆಯದು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಾಗಲೂ ಒಳಗೊಳಗೆ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದ ಮೇಲೆ ರಂಪ. ತುರಟಿಯಿಂದ ಪಿಎಚ್ ಬಿತ್ತು, ಪಿಎಚ್ ಬಿದ್ದು ಬಣ್ಣ ಕಿತ್ತಿತು, ಎಲ್ಲಾ ಅಪ್ಪ ಮಾಡಿದ್ದು ಅಂತ ನನ್ನೆದುರು ನಮ್ಮನೆಯವರು. ಭಾನುವಾರ ಒಂದು ಶೀಸೆ ನೀರು ಹಿಡಿದು ಅಂಗಡಿಗೆ ಹೋಗಿ ವರದಿ ಬರೆಸಿಕೊಂಡು ಬಂದರು. ಪಿಎಚ್ 6.6, ಕ್ಷಾರ 30. ಮೂರನೇ ಸಾಲನ್ನು ಮಾತ್ರ ಹೆಬ್ಬೆರಳಿನಿಂದ ಮುಚ್ಚಿಕೊಂಡಿದ್ದರು. ನಾನು ಹೆಬ್ಬೆರಳು ಸರಿಸಿದೆ. ಸಯನೂರಿಕ್ ಆಮ್ಲ 120.

ಕಥೆ ಅಲ್ಲಿತ್ತು. ಇಡೀ ವರ್ಷ ಇವರು ನೀರಿನಲ್ಲಿ ತೇಲಿಬಿಟ್ಟದ್ದು ಟ್ರೈಕ್ಲೋರ್ ಗುಳಿಗೆ. ಅದು ಕ್ಲೋರಿನ್ ಜೊತೆಗೆ ಹುಳಿಯನ್ನೂ ಬಿಡುತ್ತದೆ, ಸಯನೂರಿಕ್ಕನ್ನೂ ಬಿಡುತ್ತದೆ. ಸಯನೂರಿಕ್ ಅಂದರೆ ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಹಿಡಿಯುವ ಕೊಡೆ. ಕೊಡೆ ಹೆಚ್ಚಾದರೆ ಕ್ಲೋರಿನ್ ನೆರಳಲ್ಲಿ ಆರಾಮಾಗಿ ಕೂತುಬಿಡುತ್ತದೆ, ಪಾಚಿ ಬೆಳೆಯುತ್ತದೆ. ಹುಳಿನೀರು, ಮುಪ್ಪಾದ ಬಣ್ಣ, ಎರಡೂ ಸೇರಿ ಗೋಡೆ ಹಿಟ್ಟಾಗಿತ್ತು. ದಿನಾ ಸಂಜೆ ಹನಿ ಎಣಿಸುತ್ತಿದ್ದ ಮಹಾಶಯರು ನೋಡುತ್ತಿದ್ದದ್ದು ಕ್ಲೋರಿನ್ ಕೊಳವೆ ಒಂದನ್ನೇ. ಪಿಎಚ್ ಶೀಸೆಯ ಸೀಲೇ ಒಡೆದಿರಲಿಲ್ಲ. ಇನ್ನು ಮಾವಾರ ತುರಟಿ ಪೂರ್ತಿ ಕರಗಿದ್ದರೂ ಅಷ್ಟು ನೀರಿನಲ್ಲಿ ಕ್ಷಾರ ಒಂದು ಪಿಪಿಎಂ ಇಳಿದರೆ ಹೆಚ್ಚು.

"ಮತ್ಯಾಕ ಹಾಕಿದ್ರಿ ಮಾವಾರ?" ಅಂತ ಕೇಳಿದೆ.

"ಹುಡುಗನ ಕಣ್ಣು ಕೆಂಪಗಾಗಿದ್ವಲ್ಲವಾ" ಎಂದರು. ಹುಳಿನೀರಿಗೆ ಕಣ್ಣು ಉರಿಯುತ್ತದೆ, ನಿಜ. ಅದನ್ನು ಹನಿ ಎಣಿಸದೆ ಕಂಡವರು ಅವರೊಬ್ಬರೇ.

ಲಿಂಬೆಹಣ್ಣಿನಷ್ಟಿದ್ದ ತುರಟಿ ಈಗ ಅಡಿಕೆಯಷ್ಟಾಗಿದೆ. ಸೋಮವಾರ ದಾಡಿ ಮಾಡಿಕೊಂಡಾಗ ಗಲ್ಲದ ಮೇಲೆ ರಕ್ತ. ಅವ್ವ ಏನೂ ಮಾತಾಡಲಿಲ್ಲ. ದೃಷ್ಟಿ ತೆಗೆಯಲೆಂದು ಹುಕ್ಕೇರಿಯಿಂದ ತಂದಿದ್ದ ತನ್ನ ತುರಟಿಯನ್ನು ಕಾಗದದಲ್ಲಿ ಸುತ್ತಿ ಮೊಮ್ಮಗನ ಕೈಯಲ್ಲಿ ಕೊಟ್ಟು ಕಳಿಸಿದಳು. ಮೇಲಿನಿಂದ ಕೆಳಕ್ಕೆ, ಯಾವಾಗಿನಂತೆ.

ಮಂಗಳವಾರ ಸಯನೂರಿಕ್ ಇಳಿಯಲೆಂದು ಅರ್ಧ ನೀರು ತೆಗೆದು ಹೊಸದು ತುಂಬಿದರು. ಅಷ್ಟು ನೀರು ಚರಂಡಿ ಪಾಲಾಗುವುದನ್ನು ಮಾವಾರು ಹೆಣ ಹೋದಂತೆ ನಿಂತು ನೋಡಿದರು. ಕ್ಷಾರ ಏರಿಸಲು ನಾಲ್ಕು ಕಿಲೋ ತಿನ್ನುವ ಸೋಡಾ ಬಂತು. ಅವ್ವ ಚೀಲ ಎತ್ತಿ ನೋಡಿ, "ನಾಕ್ ಕಿಲೋ! ಎಷ್ಟ್ ಮಿರ್ಚಿ ಭಜಿ ಆಗ್ತಿದ್ವು" ಎಂದು ನಿಟ್ಟುಸಿರಿಟ್ಟಳು. ನಮ್ಮನೆಯವರು ಸೋಡಾ ಸುರಿಯುತ್ತ ಸುತ್ತ ತಿರುಗಿದರು. ನಾಲ್ಕು ಸುತ್ತು. ಅಪ್ಪನ ಕಡೆ ನೋಡಲಿಲ್ಲ.

ಮಾವಾರು ಬೇಲಿಯ ಹೊರಗೆ, ಒಗೆದರೂ ನೀಲಿ ಬಿಡದ ಧೋತರದಲ್ಲೇ ನಿಂತಿದ್ದರು. ಐದನೇ ಸುತ್ತಿಗೆ ಮಗ ಹತ್ತಿರ ಬಂದಾಗ ಮೌನ ಮುರಿದವರೂ ಮಾವಾರೇ.

"ಲೇ ತಮ್ಮಾ, ಮುಂದಿನ ಸಲ ಬಿಳೀ ಬಣ್ಣಾ ಬಳೀಲೇ."