ಸ್ವಲ್ಪ ಆ ಕಡೆ ಸರೀರಿ, ಅಜ್ಜಾರ

ಹಿರೇಕೆರೂರಿನ ಹುಡುಗನೊಬ್ಬ ಅಮೆರಿಕದಲ್ಲಿದ್ದಾನೆ. ಇಂಥವನೊಬ್ಬ ಈಗ ಓಣಿಗೊಬ್ಬನಂತೆ ಇರುವುದರಿಂದ ಹೆಸರು ಬೇಕಿಲ್ಲ. ರಜೆಗೆ ಮೆಕ್ಸಿಕೋದ ಸಾನ್ ಮಿಗೆಲ್ ದೆ ಅಯೆಂದೆಗೆ ಹೋಗಿ ರಾಶಿ ಫೋಟೋ ತಂದ. ಸ್ಪೇನಿನವರು ಆಳುವಾಗ ಕಟ್ಟಿದ ಊರು ಅದು. ಗಿಲಾವು ಉದುರಿದ ಗೋಡೆ, ಬಣ್ಣ ಹೋದ ಬಾಗಿಲು, ಹಗ್ಗದ ಮೇಲೆ ಒಣಗುವ ಲಂಗ, ಹೊಸ್ತಿಲಲ್ಲಿ ಕೆಲಸವಿಲ್ಲದೆ ಕೂತ ಮುದುಕ, ಪಕ್ಕದಲ್ಲಿ ಅವನಷ್ಟೇ ಬಿಡುವಾಗಿರುವ ಕತ್ತೆ. ವಾಟ್ಸಾಪಿನ ಬಳಗದ ಗುಂಪಿನಲ್ಲಿ ಚಿಕ್ಕಪ್ಪ, ಸೋದರತ್ತೆ, ಬೀಗರು ಎಲ್ಲರೂ ಹೃದಯದ ಗುರುತು ಒತ್ತಿದ್ದೇ ಒತ್ತಿದ್ದು. ಅದೇ ಹುಡುಗನ ಸ್ವಂತ ಮನೆಯ ಗೋಡೆಯ ಗಿಲಾವು ಇಲ್ಲಿ ಅದಕ್ಕಿಂತ ಚೆನ್ನಾಗಿ ಉದುರಿದೆ. ಅದರ ಫೋಟೋವನ್ನೂ ಅವನು ತೆಗೆದಿದ್ದಾನೆ. ಕೆಡವಲು ಎಷ್ಟಾಗುತ್ತದೆಂದು ಕಾಂಟ್ರಾಕ್ಟರನನ್ನು ಕೇಳಲಿಕ್ಕೆ.

ಆ ಊರುಗಳವರು ಜಾಣರು. ಗ್ವಾಟೆಮಾಲಾದ ಆಂಟಿಗುವಾ 1979ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು, ಫಿಲಿಪ್ಪೀನ್ಸಿನ ವಿಗನ್ 1999ರಲ್ಲಿ, ಸಾನ್ ಮಿಗೆಲ್ 2008ರಲ್ಲಿ. ಆಂಟಿಗುವಾದ ಹಳೆ ಪೇಟೆಯಲ್ಲಿ ಮನೆಗೆ ಮನಸ್ಸಿಗೆ ಬಂದ ಬಣ್ಣ ಬಳಿಯುವಂತಿಲ್ಲ, ಅಂಗಡಿಯ ಫಲಕ ಬೀದಿಗೆ ಚಾಚುವಂತಿಲ್ಲ. ವಿಗನ್‌ನ ಹಳೆ ಬೀದಿಯಲ್ಲಿ ಮೋಟಾರು ಗಾಡಿ ಓಡುವಂತಿಲ್ಲ, ಕುದುರೆಗಾಡಿಯೇ ಆಗಬೇಕು. ಈ ಕಾನೂನು ಹಿರೇಕೆರೂರಿಗೆ ಬಂದರೆ ಏನಾದೀತು ಎಂದು ನಾನು ಬಹಳ ಯೋಚಿಸಿದ್ದೇನೆ. ಬಸ್‌ಸ್ಟ್ಯಾಂಡಿನ ಸುತ್ತ ಚಾಚಿದ ಫಲಕಗಳನ್ನೆಲ್ಲ ಇಳಿಸಿದರೆ ಎಷ್ಟೋ ಅಂಗಡಿಗಳ ಹಿಂದೆ ಅಂಗಡಿಯೇ ಇಲ್ಲವೆಂಬುದು ಬಯಲಾಗಿ ಕಾನೂನು-ಸುವ್ಯವಸ್ಥೆಗೆ ಧಕ್ಕೆಯಾಗಬಹುದು.

ಹುಡುಗ ದೀಪಾವಳಿಗೆ ಊರಿಗೆ ಬಂದ. ಕೊರಳಲ್ಲಿ ಕ್ಯಾಮೆರಾ. ನಮ್ಮೂರಿನ ದೈನಂದಿನ ಬದುಕನ್ನೂ ವಾಸ್ತುಶಿಲ್ಪವನ್ನೂ ಸೆರೆಹಿಡಿಯುತ್ತೇನೆ ಎಂದ. ಸೆರೆ ಹಿಡಿಯುವ ಮೊದಲು ಬಿಡುಗಡೆಯ ಕಾರ್ಯಕ್ರಮ ಶುರುವಾಯಿತು. ಹಂಚಿನ ಮನೆ ಚೆನ್ನಾಗಿದೆ, ಆದರೆ ಮುಂದೆ ಬೈಕ್ ನಿಂತಿದೆ; ಬೈಕ್ ಸರಿಸಿದರು. ಗೋಡೆಯ ಮೇಲೆ ಸಿಮೆಂಟ್ ಕಂಪನಿಯ ಜಾಹೀರಾತು, ಕೋನ ಬದಲಾಯಿತು. ಮೇಲೆ ಡಿಶ್, ಅದರ ಮೇಲೆ ಕೇಬಲ್, ಅದರ ಮೇಲೆ ಕರೆಂಟಿನ ತಂತಿ. ರಸ್ತೆಯ ತುಂಬ ಗೋವಿನಜೋಳ ಒಣ ಹಾಕಿದೆ. ಅದು ಬೇಕು, ಬಂಗಾರದ ಬಣ್ಣ, ಆದರೆ ಅದಕ್ಕೆ ಹೊದಿಸುವ ನೀಲಿ ತಾಡಪಾಲು ಬೇಡ. ಕಟ್ಟೆಯ ಮೇಲಿನ ಅಜ್ಜನಿಗೆ ಹೇಳಿದ: “ಅಜ್ಜಾರ, ಸಹಜವಾಗಿ ಕೂತ್ಕೊಳ್ಳಿ. ಮೊಬೈಲ್ ಕೆಳಗಿಡಿ. ಆ ಕನ್ನಡಕ ತೆಗೀರಿ. ನಗಬ್ಯಾಡಿ.”

“ನಗಾಕ ಏನೈತೋ ತಮ್ಮಾ,” ಅಂದರು ಅಜ್ಜ, “ಗೋವಿನಜ್ವಾಳದ ರೇಟ್ ಕೇಳಿ ಬಂದೀನಿ ಈಗ.”

ಆ ಫೋಟೋಕ್ಕೆ ‘ಹಳ್ಳಿಯ ನೆಮ್ಮದಿ’ ಎಂದು ಶೀರ್ಷಿಕೆ ಬಿತ್ತು.

ಎಲ್ಲ ತೆಗೆದರೂ ಒಂದು ಮಾತ್ರ ತೆಗೆಯಲಾಗಲಿಲ್ಲ: ಫ್ಲೆಕ್ಸು. ನಿಜ ಹೇಳಬೇಕೆಂದರೆ ನಮ್ಮ ಕಾಲದ ವಾಸ್ತುಶಿಲ್ಪ ಅದೇ. ಕಲ್ಯಾಣ ಚಾಲುಕ್ಯರ ಶಿಲ್ಪಿಗೂ ಇಷ್ಟು ಶಿಸ್ತು ಇದ್ದಿರಲಿಕ್ಕಿಲ್ಲ. ನಡುವೆ ಮೂಲನಾಯಕ, ಕೈ ಮುಗಿದ ಭಂಗಿ, ಮುಖದಲ್ಲಿ ಒಂದು ಸುಕ್ಕೂ ಉಳಿಯದಂತೆ ನಯಗೊಳಿಸಿದ್ದು. ಮೇಲಿನ ಪಟ್ಟಿಕೆಯಲ್ಲಿ ದಿಲ್ಲಿಯ ದೇವತೆಗಳು, ಪಕ್ಕದಲ್ಲಿ ಬೆಂಗಳೂರಿನ ದಿಕ್ಪಾಲಕರು. ಕೆಳಗಿನ ಸಾಲಿನಲ್ಲಿ ‘ಶುಭ ಕೋರುವವರು’ ಎಂಬ ಗಣಗಳು, ಪಾಸ್‌ಪೋರ್ಟ್ ಅಳತೆಯಲ್ಲಿ, ತಂಪು ಕನ್ನಡಕ ಸಮೇತ. ಯಾರ ಮುಖ ಎಷ್ಟು ದೊಡ್ಡದಿರಬೇಕೆಂಬುದಕ್ಕೆ ಮುದ್ರಣದಂಗಡಿಯಲ್ಲಿ ಜಗಳವಾಗಿ ರಾಜಿಯಾದ ಅಳತೆ. ಈ ಶಿಲ್ಪ ಮಳೆಗೆ ಬಣ್ಣ ಬಿಡುತ್ತದೆ, ಬೀಳುವುದಿಲ್ಲ. ಮೇಲೊಂದು ಹೊಸದು ಬರುತ್ತದೆ. ಮುಂದೊಂದು ದಿನ ಉತ್ಖನನ ಮಾಡುವವರು ಪದರದಿಂದ ಪದರಕ್ಕೆ ಪಕ್ಷಾಂತರದ ಕಾಲನಿರ್ಣಯ ಮಾಡಬಹುದು.

ಹಳೆ ಮನೆಗಳ ಕೆತ್ತನೆಯ ಬಾಗಿಲು, ಸಾಗವಾನಿ ಕಂಬಗಳ ಕಥೆ ಬೇರೆ. ಅವನ್ನು ಟೆಂಪೋದವನು ತೂಕದ ಲೆಕ್ಕದಲ್ಲಿ ಒಯ್ದ. ಈಗ ಅವು ಬೆಂಗಳೂರಿನ ಆಚೆ ಯಾವುದೋ ರೆಸಾರ್ಟಿನಲ್ಲಿ ನಿಂತಿವೆ. ಬಾಗಿಲು ಮಾರಿದವನ ಮಗ ಅಲ್ಲಿಗೆ ವಾರಾಂತ್ಯಕ್ಕೆ ಹೋಗಿ, ದುಡ್ಡು ಕೊಟ್ಟು, ಅದಕ್ಕೇ ಒರಗಿ ಫೋಟೋ ತೆಗೆಸಿಕೊಳ್ಳುತ್ತಾನೆ.

ನಮ್ಮ ಸೀಮೆಗೆ ಕ್ಯಾಮೆರಾ ಹೊಸದೇನಲ್ಲ. 1855ರಲ್ಲೇ ಮುಂಬಯಿ ಸರಕಾರ ಗುಡಿ-ಗೋಪುರಗಳ ಫೋಟೋ ತೆಗೆಯಲು ತೋಪಿನ ದಳದ ಬಿಗ್ಸ್ ಎಂಬ ಅಧಿಕಾರಿಯನ್ನು ನೇಮಿಸಿತು. ಅವನನ್ನು ದಳಕ್ಕೆ ವಾಪಸು ಕರೆಸಿಕೊಂಡ ಮೇಲೆ ಆ ಕೆಲಸ ಪಿಗೌ ಎಂಬ ಡಾಕ್ಟರನ ಪಾಲಿಗೆ ಬಂತು. ಇವರ ಚಿತ್ರಗಳಿಗೆ ಸುರಪುರದ ಮೆಡೋಸ್ ಟೇಲರ್ ಇತಿಹಾಸ ಬರೆದು, ಫರ್ಗ್ಯುಸನ್ ಟಿಪ್ಪಣಿ ಸೇರಿಸಿ, 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ-ಮೈಸೂರುಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕ ಬಂತು. ಆಗ ನಾವೆಲ್ಲ ಧಾರವಾಡದವರೇ; ನಮ್ಮ ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಪುಸ್ತಕದ ಪೋಷಕ ಯಾರು ಗೊತ್ತೆ? ಮುಂಬಯಿಯ ಹತ್ತಿ ದಲ್ಲಾಳಿ ಪ್ರೇಮಚಂದ್ ರಾಯಚಂದ್. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಎರೆಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ನಿಂತಿತು, ಬೆಲೆ ಬಿತ್ತು, ಪುಸ್ತಕ ಹೊರಬರುವ ಹೊತ್ತಿಗೆ ಪೋಷಕರೂ ದಿವಾಳಿಯ ಹಾದಿ ಹಿಡಿದಿದ್ದರು. ಆ ಕಾಲದ ಫೋಟೋಗಳಲ್ಲಿ ಗುಡಿಯ ಮುಂದೆ ಒಬ್ಬ ಮನುಷ್ಯನನ್ನು ನಿಲ್ಲಿಸುವ ರೂಢಿಯಿತ್ತು, ಕಂಬ ಎಷ್ಟು ಎತ್ತರವೆಂದು ಗೊತ್ತಾಗಲಿ ಎಂದು. ಊರವನಿಗೆ ಅಳತೆಗೋಲಿನ ನೌಕರಿಯಾದರೂ ಇತ್ತು. ಈಗ ಅದೂ ಹೋಗಿ, “ಸ್ವಲ್ಪ ಆ ಕಡೆ ಸರೀರಿ” ಅನ್ನಿಸಿಕೊಳ್ಳುತ್ತಿದ್ದಾನೆ.

ಸರಿದವನು ಎಲ್ಲಿಗೆ ಹೋಗಬೇಕು? ಶಿಗ್ಗಾವಿಯ ಹತ್ತಿರ ಗೊಟಗೋಡಿಗೆ. ಕಲಾವಿದ ಸೊಲಬಕ್ಕನವರ ಕಟ್ಟಿಸಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಇಡೀ ಹಳ್ಳಿಯೇ ಸಿಮೆಂಟಿನಲ್ಲಿ ನಿಂತಿದೆ: ಎಮ್ಮೆ ಮೈ ತೊಳೆಯುವವ, ರೊಟ್ಟಿ ಬಡಿಯುವಾಕೆ, ಕಟ್ಟೆಯ ಮೇಲಿನ ಹಿರಿಯರು. ಕೈಚಳಕಕ್ಕೆ ಕೈ ಮುಗಿಯಲೇಬೇಕು. ನಿಜವಾದ ಎಮ್ಮೆಯೂ ಒಮ್ಮೆ ಮೋಸ ಹೋದೀತು. ನನ್ನ ತಕರಾರು ನೋಡುವವರ ಮೇಲೆ. ಮನೆಯ ಮುಂದೆ ಎಮ್ಮೆ ಸಗಣಿ ಹಾಕಿದರೆ ಮೂಗು ಮುಚ್ಚಿ ಕಾರು ಹತ್ತಿ, ಗೊಟಗೋಡಿಯಲ್ಲಿಳಿದು, ಟಿಕೆಟು ತೆಗೆಸಿ, ಸಿಮೆಂಟಿನ ಎಮ್ಮೆಯ ಕೊರಳಿಗೆ ಕೈ ಹಾಕಿ ಸೆಲ್ಫಿ ತೆಗೆಯುವವರು ಇವರು. ಸಿಮೆಂಟಿನ ರೈತ ಬೆಳೆವಿಮೆ ಕೇಳುವುದಿಲ್ಲ, ಅದೊಂದು ಅನುಕೂಲ.

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋಗಿ ನೋಡಿ. ತಲೆಯ ಮೇಲೆ ಕಲ್ಲಿನ ಬೃಹತ್ ಕಮಲ ತಲೆಕೆಳಗಾಗಿ ಅರಳಿದೆ. ಅದರ ಅಡಿಯಲ್ಲಿ ಮದುವೆಯ ಫೋಟೋಕ್ಕೆ ನಿಂತ ಜೋಡಿ ನೋಡುತ್ತಿರುವುದು ಕಮಲವನ್ನಲ್ಲ, ಪರಸ್ಪರರನ್ನೂ ಅಲ್ಲ, ಲೈಟ್ ಹಿಡಿದವನನ್ನು. ರಟ್ಟೀಹಳ್ಳಿಯಲ್ಲಿ ಮೂರು ಗರ್ಭಗುಡಿಯ ಕದಂಬೇಶ್ವರನಿಗೆ ಈ ಕಾಟ ಇನ್ನೂ ಅಷ್ಟಾಗಿ ತಗುಲಿಲ್ಲ; ಪುಣ್ಯವಂತ. ಸವಣೂರಿನ ದೊಡ್ಡಹುಣಸೆ ಮರಗಳದ್ದು ಇನ್ನೊಂದು ಬಗೆ. ಆಫ್ರಿಕಾ ಮೂಲದ, ತಬ್ಬಲು ಹತ್ತಾರು ಜನ ಬೇಕಾದ ಆ ಮೂರು ಮರಗಳಲ್ಲಿ ಒಂದು 2023ರ ಮಳೆಗೆ ಬಿತ್ತು. ನಿಂತಿದ್ದಾಗ ತಿರುಗಿ ನೋಡದವರೆಲ್ಲ ಬಿದ್ದಾಗ ಫೋಟೋಕ್ಕೆ ಓಡಿದರು. ಪುಣ್ಯಕ್ಕೆ ಅದನ್ನು ಎತ್ತಿ ಮತ್ತೆ ನೆಟ್ಟರು. ಹಾಗಾಗಿ ಈಗ ಯಾರೂ ಹೋಗುವುದಿಲ್ಲ.

ಇದಕ್ಕೆಲ್ಲ ಪರಿಹಾರ ಕೊಲಂಬಿಯಾದ ಕಾರ್ತಹೇನಾದಲ್ಲಿದೆ. ಅದೂ ಸ್ಪೇನಿನವರ ಊರು. ಅಲ್ಲಿ ಬಣ್ಣಬಣ್ಣದ ಲಂಗ ತೊಟ್ಟು ಹಣ್ಣಿನ ಬುಟ್ಟಿ ಹೊತ್ತ ಹೆಂಗಸರು ಬೀದಿಯಲ್ಲಿ ನಿಂತಿರುತ್ತಾರೆ. ಫೋಟೋ ಬೇಕಾದರೆ ಮೊದಲು ದುಡ್ಡು. ಪಣಜಿಯ ಹಳೆ ಓಣಿ ಫಾಂಟೇನಾಸ್‌ನವರಿಗೆ ಅಷ್ಟು ತಾಳ್ಮೆಯಿಲ್ಲ, ‘ಫೋಟೋ ತೆಗೆಯಬೇಡಿ’ ಎಂದು ಮನೆಯ ಗೋಡೆಗೇ ಬೋರ್ಡ್ ಬಡಿದಿದ್ದಾರೆ. ನಾವು ಕಾರ್ತಹೇನಾದ ದಾರಿ ಹಿಡಿಯೋಣವೆಂದು ದರಪಟ್ಟಿಯೊಂದನ್ನು ಬರೆದೆ. ಕಟ್ಟೆಯ ಮೇಲೆ ಸುಮ್ಮನೆ ಕೂರುವುದಕ್ಕೆ ಐವತ್ತು. ಎಲೆಅಡಿಕೆ ಹಾಕಿ ನಗುವುದಕ್ಕೆ ನೂರು, ಎಲೆ ಸವಣೂರಿನದಾದರೆ ನೂರಿಪ್ಪತ್ತು. ದೂರದ ದಿಗಂತ ನೋಡುವುದಕ್ಕೆ ಡಬಲ್, ಯಾಕೆಂದರೆ ಎದುರಿಗಿರುವುದು ಪಕ್ಕದ ಮನೆಯ ಗೋಡೆ.

ಓಣಿಯ ಅಜ್ಜಿಗೆ ಓದಿ ಹೇಳಿದೆ. ಪಟ್ಟಿಯನ್ನು ಕೇಳಿ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದಳು: “ರೊಕ್ಕ ಇರಲಿ ಬಿಡು. ಹ್ವಾದ ವರ್ಷ ಒಬ್ಬಾವ ಬಂದು ಹಿಂಗ ಕುಂದ್ರಿಸಿ, ಹಂಗ ಕುಂದ್ರಿಸಿ ತಗದ. ಕಳಸ್ತೀನಿ ಅಂತ ನನ್ನ ಸೊಸಿ ನಂಬರ್ ಬರಕೊಂಡು ಹ್ವಾದ. ಮೊದಲ ಅದನ್ನ ಕಳಸಾಕ ಹೇಳು. ಆಮ್ಯಾಲ ನಿಂದು ನೋಡೂಣು.”