ಇನ್ನು ಹತ್ತೇ ಕಿಲೋಮೀಟರ್

ದೂರವನ್ನು ಹೇಳುವುದಕ್ಕೆ ಕನ್ನಡ ನಾಡಿನಲ್ಲಿ ಎರಡು ಬಗೆಯ ಅಳತೆಗಳು ರೂಢಿಯಲ್ಲಿದ್ದವು: ಗಾವುದ, ಹರದಾರಿಗಳಂಥ ಲೆಕ್ಕದ ಅಳತೆ ಒಂದಾದರೆ, ಕೂಗಳತೆ, ಒಂದು ಬೀಡಿ ಸೇದುವಷ್ಟು ದೂರ, ‘ಇಗೋ, ಆ ಆಲದಮರ ದಾಟಿದರೆ ಬಂತು’ ಎಂಬಂಥ, ಕೇಳಿದವನ ಮುಖ ನೋಡಿ ಹೇಳುವ ಅಳತೆ ಇನ್ನೊಂದು. ಮೊದಲನೆಯದನ್ನು ಕಿಲೋಮೀಟರ್ ಕಲ್ಲುಗಳು ನುಂಗಿ ಹಾಕಿದವು. ಎರಡನೆಯದೂ ಅಳಿದುಹೋಯಿತೆಂದು ತಿಳಿದವರು ಬೆಂಗಳೂರಿನ ದೂರಸವಾರಿಯ ಸೈಕಲ್ಲಿಗರ ಜೊತೆ ಹೆದ್ದಾರಿಯಲ್ಲಿ ಒಂದು ರಾತ್ರಿಯನ್ನೂ ಕಳೆದವರಲ್ಲ. ಕಳೆದಿದ್ದರೆ, ಆ ಅಳತೆ ಈಗ ತಲೆಗೆ ಹೆಲ್ಮೆಟ್ಟನ್ನೂ ಮೈಗೆ ಬೆಳಕು ಬಿದ್ದರೆ ಮಿನುಗುವ ಹಳದಿ ಅಂಗಿಯನ್ನೂ ತೊಟ್ಟು, ಪ್ರತಿ ಗುಂಪಿನಲ್ಲಿಯೂ ಒಬ್ಬ ವ್ಯಕ್ತಿಯ ರೂಪದಲ್ಲಿ ಪೆಡಲ್ ತುಳಿಯುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದರು. ಈ ವ್ಯಕ್ತಿಯನ್ನು ಇಲ್ಲಿ, ಬೇರೆ ಯೋಗ್ಯವಾದ ಪದ ಸಿಗದ ಕಾರಣ, ‘ಮಹಾಶಯರು’ ಎಂದು ಕರೆಯಲಾಗಿದೆ.

ಮಹಾಶಯರು ಕಾಣಸಿಗುವ ಕ್ಷೇತ್ರಕ್ಕೆ ಬ್ರೆವೆ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಪ್ರಮಾಣಪತ್ರವೆಂಬ ಅರ್ಥವುಳ್ಳ ಈ ಪದ, ಗೊತ್ತುಪಡಿಸಿದ ದೂರವನ್ನು ಗೊತ್ತುಪಡಿಸಿದ ಅವಧಿಯೊಳಗೆ ಕ್ರಮಿಸಬೇಕಾದ ಸೈಕಲ್ ಸವಾರಿಗೇ ಹೆಸರಾಗಿ ನಿಂತಿದೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಒಂದೇ ಋತುವಿನಲ್ಲಿ ಈ ನಾಲ್ಕನ್ನೂ ಮುಗಿಸಿದವರಿಗೆ ‘ಸೂಪರ್ ರಾಂಡೊನೂರ್’ ಎಂಬ ಬಿರುದಿದ್ದು, ಸವಾರರು ಅದನ್ನು ‘ಎಸ್‌ಆರ್’ ಎಂದು ಮೊಟಕುಗೊಳಿಸಿ, ಮದುವೆಯಾಯಿತೇ ಎಂದು ಕೇಳುವ ಧಾಟಿಯಲ್ಲಿ ‘ಎಸ್‌ಆರ್ ಆಯ್ತಾ?’ ಎಂದು ಪರಸ್ಪರ ವಿಚಾರಿಸಿಕೊಳ್ಳುತ್ತಾರೆ. ಇದು ಪಂದ್ಯವಲ್ಲ, ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಸಿಗುವ ಮನ್ನಣೆ ಒಂದೇ. ದಾರಿಯುದ್ದಕ್ಕೂ ‘ಕಂಟ್ರೋಲ್’ ಎಂಬ ತಪಾಸಣಾ ಸ್ಥಳಗಳಿದ್ದು, ಅಲ್ಲಿ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಹಾಕುವವರು ಇಲ್ಲದ ಕಡೆ ಎಟಿಎಂ ಯಂತ್ರದ ರಸೀದಿಯೇ ಸಾಕ್ಷಿಯಾಗುವುದರಿಂದ, ನಡುರಾತ್ರಿ ಖಾತೆಯಲ್ಲಿ ಎಷ್ಟು ಹಣ ಉಳಿದಿದೆಯೆಂದು ನೋಡಿ ನಿಟ್ಟುಸಿರುಬಿಡುವ ಕಷ್ಟವೂ ಸವಾರರಿಗೆ ಕಟ್ಟಿಟ್ಟದ್ದು.

ಈ ಸವಾರಿಗಳ ಮೇಲ್ವಿಚಾರಣೆ 1904ರಲ್ಲಿ ಆರಂಭವಾದ ಆಡಾಕ್ಸ್ ಕ್ಲಬ್ ಪಾರಿಸಿಯಾನ್ ಎಂಬ ಫ್ರೆಂಚ್ ಸಂಸ್ಥೆಯದು. ಆಡಾಕ್ಸ್ ಎಂದರೆ ಲ್ಯಾಟಿನ್ನಿನಲ್ಲಿ ಎದೆಗಾರ. 1897ರಲ್ಲಿ ಇಟಲಿಯ ಕೆಲವು ಸವಾರರು ಸೂರ್ಯೋದಯ ಮತ್ತು ಸೂರ್ಯಾಸ್ತಗಳ ನಡುವೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕ್ರಮಿಸಿದ್ದು ಈ ಹೆಸರಿಗೆ ಮೂಲ. ಹಗಲಿನಲ್ಲೇ ಮುಗಿಸಿ ಮನೆಗೆ ಹೋಗಿ ಮಲಗಿದ ಬುದ್ಧಿವಂತರ ಹೆಸರನ್ನು ರಾತ್ರಿಯಿಡೀ ತುಳಿಯುವವರು ಹೊತ್ತುಕೊಂಡು ತಿರುಗುತ್ತಿರುವುದು ಮಹಾಶಯರಿಗೆ ವಿಚಿತ್ರವೆನಿಸಿಲ್ಲ. ಅವರಿಗೆ ಪ್ರಿಯವಾದ ಇತಿಹಾಸ ಒಂದೇ: ಪ್ಯಾರಿಸ್‌ನಿಂದ ಬ್ರೆಸ್ಟ್ ಎಂಬ ಊರಿಗೆ ಹೋಗಿ ಮರಳುವ, 1891ರಲ್ಲಿ ಮೊದಲ ಬಾರಿಗೆ ನಡೆದ, ಈಗ ನಾಲ್ಕು ವರ್ಷಕ್ಕೊಮ್ಮೆ 90 ಗಂಟೆಗಳ ಗಡುವಿನೊಳಗೆ ನಡೆಯುವ ಸುಮಾರು 1200 ಕಿಲೋಮೀಟರಿನ ಸವಾರಿ. ಕರ್ನಾಟಕದಿಂದಲೂ ಹೋಗಿಬಂದವರಿದ್ದಾರೆ. ಯಾರಾದರೂ ಬೆನ್ನುನೋವೆಂದರೆ ಸಾಕು, ‘ಅಲ್ಲಿ ಸಾವಿರದ ಇನ್ನೂರು ತುಳೀತಾರೆ ಸ್ವಾಮಿ’ ಎಂದು ಮಹಾಶಯರು ಮುಲಾಮು ಹಚ್ಚುತ್ತಾರೆ.

ಅವರ ಉಳಿದ ಲಕ್ಷಣಗಳನ್ನು ಬೇಗ ಹೇಳಿ ಮುಗಿಸಬಹುದು. ವಯಸ್ಸು ಐವತ್ತರ ಆಸುಪಾಸು. ಹ್ಯಾಂಡಲಿನ ಚೀಲದಲ್ಲಿ ಕಡಲೆ ಚಿಕ್ಕಿ, ಖರ್ಜೂರ, ಉಪ್ಪಿನ ಪೊಟ್ಟಣ. ಯಾರ ಸೈಕಲ್ಲಿನ ಚೈನು ಕಿರುಗುಟ್ಟಿದರೂ ಕೇಳದೆಯೇ ಎಣ್ಣೆ ಬಿಡುವ ಪರೋಪಕಾರ. ಹೆದ್ದಾರಿಯಲ್ಲಿ ಒಡೆದ ಲಾರಿ ಟೈರುಗಳಿಂದ ಉದುರುವ ಕೂದಲೆಳೆಯಂಥ ಉಕ್ಕಿನ ತಂತಿ ಚುಚ್ಚಿ ಪಂಕ್ಚರ್ ಆದಾಗ, ಆ ತಂತಿಯನ್ನು ಹುಬ್ಬು ಕೀಳುವ ಚಿಮಟದಿಂದ ಹುಡುಕಿ ತೆಗೆಯಬಲ್ಲವರು ಗುಂಪಿನಲ್ಲಿ ಅವರೊಬ್ಬರೇ. ಇಷ್ಟಕ್ಕೇ ನಿಂತಿದ್ದರೆ ಅವರಿಗೆ ಗುಡಿ ಕಟ್ಟಬಹುದಿತ್ತು. ಆದರೆ ಅವರು ದೂರವನ್ನೂ ಹೇಳುತ್ತಾರೆ, ಮತ್ತು ಅವರು ಹೇಳುವ ದೂರ ಯಾವಾಗಲೂ ಹತ್ತೇ ಕಿಲೋಮೀಟರ್.

ಈ ವಿಷಯವನ್ನು ನಡುವಯಸ್ಸಿನ ಒಬ್ಬ ಸವಾರನ ಉದಾಹರಣೆಯಿಂದ ಪರಿಶೀಲಿಸುವುದು ಸೂಕ್ತ. ಅವನ ಎಡ ಮೊಣಕಾಲಿನ ಸ್ಥಿತಿಗತಿ ಪ್ರಸ್ತುತ ಬರಹಕ್ಕೆ ಇಷ್ಟು ವಿವರವಾಗಿ ಹೇಗೆ ತಿಳಿಯಿತೆಂದು ಓದುಗರು ಕೇಳಬಾರದು. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗಿ ಮರಳುವ 400ರ ಬ್ರೆವೆಗೆ ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟ ಈತ, ತೂಕ ಉಳಿಸಲೆಂದು ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟು, ಸ್ವಂತ ಹೊಟ್ಟೆಯನ್ನು ಮಾತ್ರ ಜೊತೆಯಲ್ಲಿ ಒಯ್ದಿದ್ದ ವಿವೇಕಿ. ಹೋಗುವಾಗ ಹಿರಿಯೂರಿನಾಚೆ ಎದುರುಗಾಳಿ ಎದ್ದು, ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಗಿರಗಿರನೆ ತಿರುಗುವುದನ್ನು ಕಂಡಾಗ, ಮಹಾಶಯರು ಪಕ್ಕಕ್ಕೆ ಬಂದು, ‘ಖುಷಿಪಡಿ, ಬರುವಾಗ ಇದೇ ಗಾಳಿ ಬೆನ್ನಿಗಿರುತ್ತೆ’ ಎಂದರು. ಬರುವಾಗ ಕತ್ತಲಾಗಿತ್ತು, ಗಾಳಿಯೂ ಮಲಗಿತ್ತು. ಅವರು ಎದೆಗುಂದದೆ ಎರಡನೆಯ ಆಶ್ವಾಸನೆಗೆ ಕೈಹಾಕಿದರು: ‘ಹಿರಿಯೂರು ದಾಟಿದ್ರೆ ಮುಗೀತು, ಆಮೇಲೆ ಎಲ್ಲಾ ಇಳಿಜಾರೇ.’

ಹಿರಿಯೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೆಂಗಳೂರು 900ಕ್ಕೂ ಮಿಕ್ಕಿದ ಎತ್ತರದಲ್ಲಿದೆ. ಅಂದರೆ ಈ ಇಳಿಜಾರು ನೂರಾರು ಮೀಟರ್ ಮೇಲಕ್ಕೆ ಇಳಿಯುತ್ತದೆ. ಹಗಲಾಗಿದ್ದರೆ ಏರು ಕಣ್ಣಿಗಾದರೂ ಬೀಳುತ್ತಿತ್ತು. ರಾತ್ರಿಯಲ್ಲಿ ದೀಪದ ಬೆಳಕು ನಾಲ್ಕು ಮಾರು ಟಾರನ್ನಷ್ಟೇ ತೋರಿಸುವುದರಿಂದ, ದೂರದ ಬೆಟ್ಟ ನುಣ್ಣಗಿರುವುದಿರಲಿ, ಬೆಟ್ಟವೇ ಇರುವುದಿಲ್ಲ. ಸೈಕಲ್ಲು ಕಾರಣವಿಲ್ಲದೆ ಭಾರವಾಗುತ್ತದೆ. ಸವಾರ ಹಿಂದಿನ ಟೈರನ್ನು ಒತ್ತಿ ನೋಡಿದ, ಬ್ರೇಕು ಉಜ್ಜುತ್ತಿದೆಯೇ ಎಂದು ಚಕ್ರವನ್ನು ಎತ್ತಿ ತಿರುಗಿಸಿದ. ಚಕ್ರ ಟಿಕಟಿಕವೆಂದು ಸಲೀಸಾಗಿ ಸುತ್ತಿತು, ಮಹಾಶಯರು ‘ನೋಡಿ, ಇಳಿಜಾರು’ ಎಂದರು. ಈ ಹಂತದಲ್ಲಿ ಬ್ರೆವೆ ತ್ಯಜಿಸುವುದಕ್ಕೆ, ‘ಮುಗಿಸಲಿಲ್ಲ’ ಎಂಬರ್ಥದ ‘ಡಿಎನ್‌ಎಫ್’ ಎಂಬ ಪದ ಸವಾರರಲ್ಲಿ ಬಳಕೆಯಲ್ಲಿದ್ದು, ಆ ಮೂರಕ್ಷರ ಆ ಹೊತ್ತಿಗೆ ಮೃತ್ಯುಂಜಯ ಮಂತ್ರದಷ್ಟು ಹಿತವಾಗಿ ಕೇಳುತ್ತದೆ.

ಶಿರಾ ದಾಟಿದ ಮೇಲೆ ನಡೆದ ತಟ್ಟೆ ಇಡ್ಲಿ ಪ್ರಸಂಗವನ್ನು ಬಿಡುವಂತಿಲ್ಲ. ತುಮಕೂರಿಗೆ ಅಂಟಿಕೊಂಡಿರುವ ಕ್ಯಾತ್ಸಂದ್ರ ಈ ಇಡ್ಲಿಗೆ ಹೆಸರುವಾಸಿಯೆಂಬುದು ಹೆದ್ದಾರಿಯ ಪ್ರಯಾಣಿಕರೆಲ್ಲರಿಗೂ ಗೊತ್ತು. ಆ ಇಡ್ಲಿಯ ಮೆದುತನವನ್ನೂ ಮೇಲಿನ ಬೆಣ್ಣೆ ಕರಗುವ ಬಗೆಯನ್ನೂ ಮಹಾಶಯರು ಹರಿಕಥೆಯಂತೆ ವಿಸ್ತರಿಸುತ್ತಾ, ಪ್ರತಿ ಅರ್ಧ ಗಂಟೆಗೊಮ್ಮೆ ‘ಇನ್ನು ಹತ್ತೇ ಕಿಲೋಮೀಟರ್’ ಎಂಬ ಪಲ್ಲವಿಗೆ ಮರಳಿದರು. ಹೀಗೆ ನಾಲ್ಕು ಹತ್ತು ಕಿಲೋಮೀಟರ್‌ಗಳನ್ನು ತುಳಿದು ಕ್ಯಾತ್ಸಂದ್ರ ತಲುಪಿದಾಗ ಗಂಟೆ ಮೂರೂಮುಕ್ಕಾಲು. ಸವಾರರು ನಿಂತ ಹೋಟೆಲಿನ ಶಟರ್ ಎಳೆದಿತ್ತು, ಅದರ ಮುಂದೆ ಒಂದು ನಾಯಿ ಸುರುಳಿ ಸುತ್ತಿ ಮಲಗಿತ್ತು. ಮೂರರಿಂದ ಐದರವರೆಗಿನ ಈ ಜಾವ ನಿದ್ರೆಯ ಸೆಳೆತ ಎಲ್ಲಕ್ಕಿಂತ ಬಲವಾಗಿರುವ ಹೊತ್ತು. ಸವಾರ ನಾಯಿಯನ್ನು ನೋಡಿದ, ಅದರ ಪಕ್ಕದ ಜಾಗವನ್ನು ನೋಡಿದ, ಮಹಾಶಯರನ್ನು ನೋಡಿದ. ಅವರು ಶಟರಿನ ಬೀಗವನ್ನು ಒಮ್ಮೆ ಎಳೆದು ಪರೀಕ್ಷಿಸಿ, ‘ಡಾಬಸ್‌ಪೇಟೆಯಲ್ಲಿ ಇನ್ನೂ ಚೆನ್ನಾಗಿರುತ್ತೆ’ ಎಂದರು. ಎಷ್ಟು ದೂರವೆಂದು ಯಾರೂ ಕೇಳಲಿಲ್ಲ, ಆದರೂ ಅವರು ಹೇಳಿದರು.

ಅಲ್ಲಿಂದ ಮುಂದೆ ಇಬ್ಬರೂ ಹೆದ್ದಾರಿಯ ಅಂಚಿನಲ್ಲಿ ಜೋಡಿಯಾಗಿ ಹೊರಟರು. ರಾತ್ರಿಯ ಸವಾರಿಯಲ್ಲಿ ಪಕ್ಕದವನ ಮುಖ ಕಾಣುವುದಿಲ್ಲ. ಲಾರಿಯೊಂದು ಹಾದಾಗ ಒಂದು ಕೆನ್ನೆ ಬೆಳಗಿ ಆರಿಹೋಗುತ್ತದೆ, ಉಳಿದದ್ದೆಲ್ಲ ದನಿ. ಕಚೇರಿಯಲ್ಲಿ ಇಪ್ಪತ್ತು ವರ್ಷ ಎದುರುಬದುರು ಕುಳಿತವರು ಆಡದ ಮಾತುಗಳು ಹೀಗೆ ಮುಂದಕ್ಕೆ ನೋಡುತ್ತಾ ತುಳಿಯುವಾಗ ಹೊರಬರುತ್ತವೆ. ಮಹಾಶಯರ ತಂದೆ ಹೈಸ್ಕೂಲಿಗೆ ಸೇರಿಸಲು ಮಗನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ನಸುಕಿನಲ್ಲಿ ಊರು ಬಿಟ್ಟಿದ್ದರಂತೆ. ಟೈರಿಗೆ ಉಜ್ಜಿ ತಿರುಗುವ ಡೈನಮೋ ದೀಪವಾದ್ದರಿಂದ ತುಳಿತ ನಿಧಾನವಾದರೆ ದಾರಿ ಮಂಕಾಗುತ್ತಿತ್ತಂತೆ, ನಿಂತರೆ ಪೂರ್ತಿ ಕತ್ತಲೆಯಂತೆ. ಹುಡುಗ ಇನ್ನೆಷ್ಟು ದೂರವೆಂದು ಕೇಳಿದಾಗಲೆಲ್ಲ ಅವರು ಏದುಸಿರಿನ ನಡುವೆ ‘ಇಗೋ ಬಂತು’ ಎನ್ನುತ್ತಿದ್ದರಂತೆ. ಇಷ್ಟು ಹೇಳಿ ಮಹಾಶಯರು ಸ್ವಲ್ಪ ಹೊತ್ತು ದೂರದ ವಿಷಯವನ್ನೇ ಎತ್ತಲಿಲ್ಲ, ಮತ್ತು ಆ ಮೌನ ಸವಾರನಿಗೆ ಹತ್ತು ಕಿಲೋಮೀಟರುಗಳಿಗಿಂತ ಹೆಚ್ಚು ಉದ್ದವೆನಿಸಿತು.

ಡಾಬಸ್‌ಪೇಟೆಯಲ್ಲಿ ಇಡ್ಲಿ ಸಿಗಲಿಲ್ಲ, ಚಹಾ ಸಿಕ್ಕಿತು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಸವಾರ ಮೊದಲ ಬಾರಿಗೆ ಮಹಾಶಯರ ಹ್ಯಾಂಡಲನ್ನು ಸರಿಯಾಗಿ ನೋಡಿದ. ದೂರ ತೋರಿಸುವ ಪುಟ್ಟ ಮೀಟರ್ ಅಲ್ಲಿತ್ತು. ಅದರ ಗಾಜಿನ ಮೇಲೆ, ಗಂಟೆಯೊಂದು ಮಾತ್ರ ಕಾಣುವಂತೆ, ಎಲೆಕ್ಟ್ರಿಷಿಯನ್ನರು ತಂತಿಗೆ ಸುತ್ತುವ ಕಪ್ಪು ಟೇಪನ್ನು ಅಂಟಿಸಲಾಗಿತ್ತು. ಟೇಪಿನ ಅಂಚು ಹಳೆಯದಾಗಿ ಧೂಳು ಹಿಡಿದಿತ್ತು. ಕೇಳಿದಾಗ ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಲೋಟದೊಳಗೆ ನೋಡುತ್ತಾ, ‘ಅದನ್ನ ನೋಡಿದ್ರೆ ನನಗೆ ತುಳಿಯೋಕೇ ಆಗಲ್ಲ ಕಣ್ರೀ’ ಎಂದರು.

ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ಗಡುವಿಗೆ ನಲವತ್ತು ನಿಮಿಷ ಉಳಿದಿರುವಾಗ, ಇಬ್ಬರೂ ಕೊನೆಯ ಕಂಟ್ರೋಲಿಗೆ ಬಂದರು. ಇಡೀ ದಿನ ಹ್ಯಾಂಡಲ್ ಹಿಡಿದು ಅಂಗೈಯ ನರ ಒತ್ತಿಹೋಗಿದ್ದರಿಂದ ಕಿರುಬೆರಳೂ ಉಂಗುರದ ಬೆರಳೂ ಜೋಮುಗಟ್ಟಿ, ಸವಾರನಿಗೆ ಪೆನ್ನು ಹಿಡಿಯಲಾಗಲಿಲ್ಲ. ಮಹಾಶಯರು ಕಾರ್ಡನ್ನು ಮೇಜಿಗೆ ಒತ್ತಿ ಹಿಡಿದರು, ಈತ ಒಂದನೆಯ ತರಗತಿಯ ಹುಡುಗನಂತೆ ಸಹಿ ಮಾಡಿದ. ಮುದ್ರೆಯ ಮಸಿ ಆರುವ ಮೊದಲೇ ಅವರು, 600 ಎಂದರೆ ಮಹಾ ಏನಲ್ಲ, ಇದಕ್ಕೇ ಇನ್ನೊಂದು 200 ಸೇರಿಸಿದಂತೆ ಎಂದು ವಿವರಿಸತೊಡಗಿದ್ದರು. ಅನಂತರ ಹೆಲ್ಮೆಟ್ಟನ್ನು ಮತ್ತೆ ತಲೆಗೇರಿಸಿ, ‘ಮನೆಗೂ ತುಳಿದುಕೊಂಡೇ ಹೋಗೋಣ, ಹತ್ತೇ ಕಿಲೋಮೀಟರ್’ ಎಂದರು. ಆ ಒಂದು ಸಲ ಅದು ನಿಜಕ್ಕೂ ಹತ್ತೇ ಕಿಲೋಮೀಟರ್ ಇತ್ತು. ಸವಾರ ಅಷ್ಟರಲ್ಲಿ ಒಂದು ಗೂಡ್ಸ್ ಆಟೋವನ್ನು ನಿಲ್ಲಿಸಿ, ಬಾಡಿಗೆಯ ಚೌಕಾಸಿಗಿಳಿದಿದ್ದ.